ಗೆಳೆಯನಿಗೊಂದು ಪತ್ರ: ಊರು ಬಿಟ್ಟವನ ಹಾಯಿದೋಣಿಗಳು

ಪ್ರೀತಿಯ ದೋಸ್ತಾ,

ಪತ್ರ ನಿನಗೇ, ಉಳಿದವರೂ ಓದಲಿ ಅಂತ ಇಲ್ಲಿ ಹಾಕಿದ್ದೇನೆ. ಹಸಿರು ಛತ್ರಿಯ ವಿಷಯ ಎತ್ತೋದಿಲ್ಲ, ಹೆದರಬೇಡ.

ಯೋಂಗ್‌ಕಿಂಡ್ ಅನ್ನೋ ಡಚ್ ಚಿತ್ರಕಾರ ಈಚೆಗೆ ನನ್ನ ತಲೆಯಲ್ಲೇ ಕೂತುಬಿಟ್ಟಿದ್ದಾನೆ. 1819ರಲ್ಲಿ ಹುಟ್ಟಿದವನು. 1846ರಲ್ಲಿ ಪ್ಯಾರಿಸ್ ಸೇರಿದ. ನಡುವೆ ಕೆಲವು ವರ್ಷ ತನ್ನ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿದ್ದ, ಮತ್ತೆ ಫ್ರಾನ್ಸಿಗೇ ಹೋಗಿ 1891ರಲ್ಲಿ ಅಲ್ಲೇ ತೀರಿಕೊಂಡ. ತನಗೆ ನೋಡೋದನ್ನು ಕಲಿಸಿದವನು ಇವನು ಅಂತ ಹೆಸರಾಂತ ಫ್ರೆಂಚ್ ಚಿತ್ರಕಾರ ಮೋನೆಯೇ ಹೇಳಿಕೊಂಡಿದ್ದಾನೆ.

ಅವನ ದೋಣಿಗಳನ್ನು ಹತ್ತಿರದಿಂದ ನೋಡಬೇಕು ಕಣೋ. ಡಚ್ಚರ ನದಿ, ಕಾಲುವೆಗಳಲ್ಲಿ ಆಳ ಕಮ್ಮಿ, ಅದಕ್ಕೇ ದೋಣಿಯ ತಳ ಚಪ್ಪಟೆ. ಎರಡು ಪಕ್ಕದಲ್ಲೂ ಬೀಸಣಿಗೆಯಂಥ ದೊಡ್ಡ ಹಲಗೆ ತೂಗುತ್ತಿರುತ್ತದೆ. ಗಾಳಿ ದೋಣಿಯನ್ನು ಅಡ್ಡಕ್ಕೆ ತಳ್ಳದ ಹಾಗೆ ಅದನ್ನು ನೀರಿಗಿಳಿಸುತ್ತಾರೆ. ಆ ಕಾಲದ ಹಾಯಿಗಳು ಕಂದು ಬಣ್ಣ ಯಾಕೆ ಗೊತ್ತಾ? ಬಟ್ಟೆ ಕೊಳೆಯಬಾರದು ಅಂತ ಓಕ್ ತೊಗಟೆಯ ರಸದಲ್ಲಿ, ಇಲ್ಲಾಂದ್ರೆ ಕಾಚಿನಲ್ಲಿ ಅದ್ದುತ್ತಿದ್ದರು. ಹೌದು, ನಿನ್ನಜ್ಜಿ ಎಲೆಅಡಿಕೆಗೆ ಹಾಕುತ್ತಿದ್ದ ಅದೇ ಕಾಚು! ನಮ್ಮ ಕಡೆಯಿಂದಲೇ ಯೂರೋಪಿಗೆ ಹೋಗುತ್ತಿದ್ದ ಸರಕು.

1862ರಲ್ಲಿ ಅವನು ಹಾಲೆಂಡಿನ ನೋಟಗಳ ಆರು ಎಚಿಂಗ್ (ಲೋಹದ ತಗಡಿನಲ್ಲಿ ಗೆರೆ ಕೊರೆದು ಒತ್ತುವ ಅಚ್ಚುಚಿತ್ರ) ಮಾಡಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ. ಕಣ್ಣೆದುರು ಸೇನ್ ನದಿ ಹರಿಯುತ್ತಿತ್ತು. ಅದನ್ನೂ ಬರೆದ, ಚೆನ್ನಾಗೇ ಬರೆದ. ಆದರೂ ವಯಸ್ಸಾದ ಮೇಲೂ ಚಿತ್ರಗಳಲ್ಲಿ ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ಹಾಲೆಂಡಿನ ಆ ಹಳೆಯ ನೀರಿನ ಹತ್ತಿರವೇ: ಗಾಳಿಗಿರಣಿ, ಹಾಯಿ, ಬೆಳದಿಂಗಳು. ಅಷ್ಟರಲ್ಲಿ ಅಲ್ಲಿ ಉಗಿಹಡಗು ಬಂದಿತ್ತು, 1839ರಿಂದ ರೈಲು ಓಡುತ್ತಿತ್ತು, 1872ರಲ್ಲಿ ಮೂರ್‌ಡೈಕ್‌ನ ಅಗಲ ನೀರಿನ ಮೇಲೆ ರೈಲು ಸೇತುವೆಯೂ ಆಗಿತ್ತು.

ಮೊದಲು ಇದನ್ನು ಬರೀ ಊರಿನ ನೆನಪು ಅಂದುಕೊಂಡಿದ್ದೆ. ಈಗ ಬೇರೆ ಏನೋ ಕಾಣುತ್ತಿದೆ. ಅಪ್ಪ ಹೋದಮೇಲೆ ನಾನು ಊರಿಗೆ ಬಂದಿಲ್ಲ, ಕೇಳಿದವರಿಗೆಲ್ಲ ಕೆಲಸ ಜಾಸ್ತಿ ಅನ್ನುತ್ತೇನೆ, ಆದರೆ ನಿಜವಾದ ಕಾರಣ ಭಯ ಕಣೋ, ಈಗಿನ ಊರನ್ನು ಒಂದು ಸಲ ಕಣ್ಣಾರೆ ನೋಡಿದರೆ ಅಪ್ಪ ಇದ್ದ ಊರು ನನ್ನೊಳಗಿಂದ ಅಳಿಸಿಹೋಗುತ್ತೆ ಅನ್ನೋ ಭಯ. ಅಮ್ಮನಿಗೂ ಇದನ್ನು ಹೇಳಿಲ್ಲ.

ಬಿಡು, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನ ಚಿತ್ರಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ, ಯೋಂಗ್‌ಕಿಂಡ್ ಹೆಸರು ಹಾಕಿ ಹುಡುಕು, ದೊಡ್ಡದು ಮಾಡಿಕೊಂಡು ನೋಡು. ಭಾನುವಾರ ಫೋನ್ ಮಾಡುತ್ತೇನೆ. ದೀಪಾವಳಿಗೆ ಟಿಕೆಟ್ ಸಿಗುತ್ತಾ ಅಂತ ಸುಮ್ನೆ ವಿಚಾರಿಸಿಡು.

ನಿನ್ನ,
ಮೂರನೇ ಬೆಂಚಿನವನು