ವಿಷಯ: ಫ್ಲೇಮ್ ಹಾಕ್‌ಫಿಶ್ ಹೆಸರಿನಲ್ಲಿ ಬೇರೆ ಜಾತಿಯ ಮೀನು ಕಳಿಸಿರುವ ಬಗ್ಗೆ ದೂರು

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು

ಮಾನ್ಯರೇ,

ನನ್ನ ಸಮುದ್ರನೀರಿನ ಅಕ್ವೇರಿಯಂಗೆಂದು ನಿಮ್ಮ ಜಾಲತಾಣದಲ್ಲಿ ಕೊಂಡ ಮೀನಿನ ಬಿಲ್ಲಿನಲ್ಲಿ ‘ಫ್ಲೇಮ್ ಹಾಕ್‌ಫಿಶ್, ಸ್ಮಾಲ್’ ಎಂದಿದೆ. ಚೀಲದಲ್ಲಿ ಬಂದದ್ದು ಫ್ರೆಕಲ್ಡ್ ಹಾಕ್‌ಫಿಶ್ ಮರಿ. ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೊ, ಫೋಟೊ, ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. “ಎರಡೂ ಹಾಕ್‌ಫಿಶ್ಶೇ ಸರ್, ಮರಿ ಅಲ್ವಾ, ದೊಡ್ಡದಾದ್ಮೇಲೆ ಕೆಂಪಾಗುತ್ತೆ” ಎಂದು ಹೇಳಿ ನಿಮ್ಮ ಗ್ರಾಹಕ ಸೇವೆಯವರು ದೂರು ಮುಚ್ಚಿಬಿಟ್ಟಿದ್ದಾರೆ. ಅದಕ್ಕೇ ಈ ಪತ್ರ.

ಫ್ಲೇಮ್, ವೈಜ್ಞಾನಿಕ ಹೆಸರು ನಿಯೊಸಿರೈಟಿಸ್ ಅರ್ಮಾಟಸ್, ಮೈಯೆಲ್ಲ ಕಡುಗೆಂಪು. ಬೆನ್ನುರೆಕ್ಕೆಯ ಬುಡದಲ್ಲಿ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಕಪ್ಪು. ಮುಖದಲ್ಲಿ ಚುಕ್ಕೆ ಇರುವುದಿಲ್ಲ. ಬಂದಿರುವ ಮೀನಿನ ಕೆನ್ನೆಯಿಂದ ಎದೆಯವರೆಗೆ ಸಾಸಿವೆ ಎರಚಿದ ಹಾಗೆ ಚುಕ್ಕೆಗಳಿವೆ. ಅದು ಫ್ರೆಕಲ್ಡ್ ಹಾಕ್‌ಫಿಶ್, ಅಂದರೆ ಪ್ಯಾರಾಸಿರೈಟಿಸ್ ಫಾರ್ಸ್ಟರಿಯ ಗುರುತು. ಫ್ಲೇಮ್ ಪೆಸಿಫಿಕ್ ಸಾಗರದ ಮೀನು. ಫಾರ್ಸ್ಟರಿ ನಮ್ಮ ಹಿಂದೂ ಮಹಾಸಾಗರದಲ್ಲೂ ಸಿಗುತ್ತದೆ. ಎರಡರ ಬೆಲೆಗೂ ಎಷ್ಟು ಅಂತರವೆಂದು ನಿಮಗೆ ನಾನು ಹೇಳಬೇಕಿಲ್ಲ.

ಬೆಲೆಗಿಂತ ದೊಡ್ಡ ತೊಂದರೆ ಬೇರೆ ಇದೆ. ಫ್ಲೇಮ್ ಬೆಳೆದರೆ ಸುಮಾರು 9 ಸೆಂ.ಮೀ., ಫಾರ್ಸ್ಟರಿ 22 ಸೆಂ.ಮೀ. ದಾಟುತ್ತದೆ. ಹಾಕ್‌ಫಿಶ್‌ಗಳಿಗೆ ಗಾಳಿಚೀಲವಿಲ್ಲ, ತೇಲಿಕೊಂಡು ಇರಲಾರವು. ಎದೆರೆಕ್ಕೆಯ ಕೆಳಭಾಗದ ದಪ್ಪ ಕಡ್ಡಿಗಳನ್ನು ಊರಿ ಹವಳದ ಮೇಲೆ ಕೂತು, ಬೇಟೆ ಹತ್ತಿರ ಬಂದಾಗ ಒಮ್ಮೆಲೇ ಎರಗುತ್ತವೆ. ಫ್ಲೇಮ್ ಆದರೆ ಅಪಾಯ ಹೆಚ್ಚಾಗಿ ಪುಟ್ಟ ಸೀಗಡಿಗಳಿಗೆ. ಮೊದಲೇ ಬಿಟ್ಟು ಚೆನ್ನಾಗಿ ಬೆಳೆದ ಕ್ಲೀನರ್ ಸೀಗಡಿ ಬಹಳ ಸಲ ಉಳಿದುಕೊಳ್ಳುತ್ತದೆ, ಖಾತ್ರಿಯಂತೂ ಇಲ್ಲ. ಫಾರ್ಸ್ಟರಿಗೆ ಸಣ್ಣ ಮೀನುಗಳೇ ಮುಖ್ಯ ಆಹಾರ. ನನ್ನ 150 ಲೀಟರ್ ಟ್ಯಾಂಕಿನಲ್ಲಿರುವ ಫೈರ್‌ಫಿಶ್ ಎಂಬ ಪುಟ್ಟ ಮೀನುಗಳ ಜೋಡಿಗೆ ಅದು ಇಂದಲ್ಲ ನಾಳೆ ಬಾಯಿ ಹಾಕುತ್ತದೆ. “ಹೊಟ್ಟೆ ತುಂಬ ಹಾಕಿ, ಏನೂ ಮಾಡಲ್ಲ” ಎಂಬ ನಿಮ್ಮವರ ಸಲಹೆ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಜಾಲತಾಣದಲ್ಲಿ ಎಲ್ಲ ಹಾಕ್‌ಫಿಶ್‌ಗೂ ಒಂದೇ ಚೀಟಿ: ‘ರೀಫ್ ಸೇಫ್’. ಹವಳ ಕಚ್ಚುವುದಿಲ್ಲ ಎನ್ನುವಷ್ಟಕ್ಕೆ ಅದು ನಿಜ. ಆದರೆ ಅದೇ ಪುಟದಲ್ಲಿ ಹಾಕ್‌ಫಿಶ್ ಜೊತೆಗೆ ಸೆಕ್ಸಿ ಶ್ರಿಂಪ್ ಸೇರಿಸಿ ಕಾಂಬೊ ಮಾರುತ್ತಿದ್ದೀರಿ. ಆ ಸೀಗಡಿ ಬೆಳೆದರೂ 2 ಸೆಂ.ಮೀ. ಆಸುಪಾಸು. ಮೀನಿನ ಜೊತೆ ಅದರ ಊಟವನ್ನೂ ಕಟ್ಟಿಕೊಡುತ್ತಿದ್ದೀರಿ, ಅಷ್ಟೆ.

ಪೆಟ್ಟಿಗೆಯಲ್ಲಿದ್ದ ಸೂಚನಾಪತ್ರವೂ ಸರಿಯಿಲ್ಲ. ಚೀಲ ಬಿಚ್ಚಿ 2 ಗಂಟೆ ಡ್ರಿಪ್ ಮಾಡಿ, ಅಂದರೆ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಸೇರಿಸಿ ಎಂದಿದೆ. ಒಂದಿಡೀ ದಿನ ಪ್ರಯಾಣಿಸಿದ ಚೀಲದಲ್ಲಿ ಅಮೋನಿಯ ಸೇರಿರುತ್ತದೆ. ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದರ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಆ ಗಾಳಿ ಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ವಿಷಕಾರಿ ಅಮೋನಿಯ ಆಗುತ್ತದೆ. ಅದೇ ನೀರಿನಲ್ಲಿ ಮೀನನ್ನು 2 ಗಂಟೆ ಇಡಿ ಎನ್ನುತ್ತೀರಿ! ಚೀಲದ ನೀರಿನ ಉಪ್ಪಿನ ಮಟ್ಟವನ್ನು ಪೆಟ್ಟಿಗೆಯ ಮೇಲೆ ಬರೆದರೆ ಸಾಕು. ಹೊಸ ಮೀನನ್ನು ಪ್ರತ್ಯೇಕವಾಗಿಡುವ ಕ್ವಾರಂಟೈನ್ ಟ್ಯಾಂಕನ್ನು ಮೊದಲೇ ಅದಕ್ಕೆ ಹೊಂದಿಸಿ, ಬಿಚ್ಚದ ಚೀಲವನ್ನು 15–20 ನಿಮಿಷ ತೇಲಿಬಿಟ್ಟು ಉಷ್ಣತೆ ಸಮ ಮಾಡಿ, ಚೀಲದ ನೀರು ಚೆಲ್ಲಿ ಮೀನನ್ನಷ್ಟೇ ಬಿಡಬಹುದು.

ಸದ್ಯ ಮೀನು ಕ್ವಾರಂಟೈನ್ ಟ್ಯಾಂಕಿನಲ್ಲಿ ಆರೋಗ್ಯವಾಗಿದೆ. ಉಷ್ಣತೆ 26 ಡಿಗ್ರಿ, ಉಪ್ಪಿನ ಮಟ್ಟ ಸಾಪೇಕ್ಷ ಸಾಂದ್ರತೆಯಲ್ಲಿ 1.025, ಅಮೋನಿಯ ಸೊನ್ನೆ. ಕೂರಲು ಪಿವಿಸಿ ಪೈಪ್ ತುಂಡುಗಳಿವೆ, ಹಾರದಂತೆ ಮೇಲೆ ಜಾಲರಿ ಇದೆ. ಮೈಸಿಸ್ ಎಂಬ ಸೀಗಡಿಯಂಥ ಪುಟ್ಟ ಜೀವಿಗಳನ್ನು ತಿನ್ನುತ್ತಿದೆ.

ಆದ್ದರಿಂದ ನಿಮ್ಮ ಖರ್ಚಿನಲ್ಲೇ ಮೀನನ್ನು ವಾಪಸ್ ಒಯ್ದು, ಸಾಗಣೆ ವೆಚ್ಚ ಸೇರಿ ಬಿಲ್ಲಿನ ಪೂರ್ತಿ ಹಣ ಮರಳಿಸಿ. ಸ್ಟೋರ್ ಕ್ರೆಡಿಟ್ ಬೇಡ. ಒಯ್ಯುವ ದಿನ ಹಿಂದಿನ ದಿನವೇ ತಿಳಿಸಿ, 24 ಗಂಟೆ ಊಟ ನಿಲ್ಲಿಸಬೇಕು. ಬರುವವರು ಬಲೆ ತರುವುದು ಬೇಡ, ಬೆನ್ನುರೆಕ್ಕೆಯ ಮುಳ್ಳು ಸಿಕ್ಕಿಕೊಂಡು ಹರಿಯುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ನಾನೇ ಹಿಡಿದು ಕೊಡುತ್ತೇನೆ. ಜೋಡಿ ಚೀಲ, ಮೂರರಲ್ಲೊಂದು ಪಾಲು ನೀರು, ಉಳಿದದ್ದು ಆಮ್ಲಜನಕ ಇರಲಿ. ಜಾಲತಾಣದಲ್ಲಿ ಪ್ರತಿ ಹಾಕ್‌ಫಿಶ್‌ಗೂ ವೈಜ್ಞಾನಿಕ ಹೆಸರು, ಪೂರ್ತಿ ಬೆಳೆದಾಗಿನ ಗಾತ್ರ, ಬೇಕಾದ ಟ್ಯಾಂಕ್ ಅಳತೆ ಹಾಕಿ, ಆ ಕಾಂಬೊ ತೆಗೆಯಿರಿ.

2020ರ ಇ-ಕಾಮರ್ಸ್ ನಿಯಮಗಳಂತೆ ಈ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ 1915 ಸಹಾಯವಾಣಿಯಲ್ಲಿ ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು