ಪುಟ್ಟಿಗೆ, ಸಂಜೆ ಆರೂವರೆಯ ಕರೆಂಟಿನ ವಿಚಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ರಾಜ್ಯದ ಮುಂದಿನ ನವೀಕರಿಸಬಹುದಾದ ಇಂಧನ ನೀತಿಗೆ ಟಿಪ್ಪಣಿ ತಯಾರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತನಾಲ್ಕು ವರ್ಷ ಕರೆಂಟಿನ ಕೆಲಸದಲ್ಲೇ ಸವೆದವನು ನಾನು. ಹೇಳಬೇಕಾದದ್ದು ಬಹಳ ಇದೆ, ಫೋನಿನಲ್ಲಾದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ.

ಈಗ ಜಾರಿಯಲ್ಲಿರುವ 2022-27ರ ನೀತಿಯನ್ನು ನೀನು ಓದಿಯೇ ಇರುತ್ತೀಯ. ಹತ್ತು ಗಿಗಾವಾಟ್, ಅಂದರೆ ಹತ್ತು ಸಾವಿರ ಮೆಗಾವಾಟ್, ಹೊಸದಾಗಿ ಸೇರಬೇಕು, ಅದರಲ್ಲಿ ಒಂದು ಗಿಗಾವಾಟ್‌ವರೆಗೆ ಚಾವಣಿಗಳ ಮೇಲೆ ಬರಬೇಕು ಎಂದಿದೆ. ಗುರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೆಗಾವಾಟ್ ಎಣಿಸುವುದು ಬಂಡವಾಳ ಹಾಕಿದವರ ರೂಢಿ. ಊರಿನ ಜನ ಎಣಿಸುವುದು ಎರಡೇ: ಕರೆಂಟಿಗೆ ಎಷ್ಟು ತೆರಬೇಕು, ಮಕ್ಕಳಿಗೆ ಕೆಲಸ ಎಲ್ಲಿ ಸಿಗುತ್ತದೆ. ನಿನ್ನ ಟಿಪ್ಪಣಿಯ ಪ್ರತಿ ಸಾಲನ್ನೂ ಈ ಎರಡಕ್ಕೆ ಒರೆಹಚ್ಚಿ ನೋಡು.

ಮೊದಲು ದುಡ್ಡಿನ ಮಾತು. 2010ರ ಹೊತ್ತಿಗೆ ಸೌರ ವಿದ್ಯುತ್ತು ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೇಲಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2 ರೂಪಾಯಿ 44 ಪೈಸೆಗೆ ಇಳಿಯಿತು. ಇಷ್ಟು ಅಗ್ಗವಾಗಿದ್ದರೂ ಮನೆಗೆ ಬರುವ ದರ ಅದೇ ಅಳತೆಯಲ್ಲಿ ಇಳಿಯಲಿಲ್ಲವಲ್ಲ, ಯಾಕೆ? ಸೂರ್ಯ ಅಗ್ಗವಾಗಿ ಕೊಡುವುದು ಮಧ್ಯಾಹ್ನ. ಮನೆಗಳಿಗೆ ಹೆಚ್ಚು ಬೇಕಾಗುವುದು ಸಂಜೆ ಆರೂವರೆಗೆ, ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಟಿವಿ ಒಟ್ಟಿಗೆ ಹತ್ತಿಕೊಂಡಾಗ. ಆಗ ಫಲಕಗಳು ಕಣ್ಣು ಮುಚ್ಚಿರುತ್ತವೆ, ಕೈಗೆ ಸಿಗುವ ಕರೆಂಟಿಗೆ ಕೇಳಿದಷ್ಟು ಕೊಡಬೇಕು. ಕಲ್ಲಿದ್ದಲೋ, ನಮ್ಮ ನೆಲದಲ್ಲಿ ಒಂದು ಗುಡ್ಡೆಯೂ ಇಲ್ಲ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಅದು ಬರುವುದು ಹೊರರಾಜ್ಯದ ಗಣಿಗಳಿಂದ, ರೈಲಿನಲ್ಲಿ.

ಆದ್ದರಿಂದ ನೀತಿಯ ಹೃದಯ ಸಂಜೆಯ ಆ ನಾಲ್ಕು ತಾಸುಗಳಲ್ಲಿದೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಬೇಕಾದ ಆಸ್ತಿ ಕರ್ನಾಟಕಕ್ಕೆ ಹುಟ್ಟಿನಿಂದಲೇ ಇದೆ. ಆಷಾಢದಲ್ಲಿ ಮೋಡ ಕವಿದು ಬಿಸಿಲು ಸೊರಗಿದಾಗ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಹುಚ್ಚೆದ್ದು ಬೀಸುತ್ತದೆ. ಲಿಂಗನಮಕ್ಕಿಯಲ್ಲಿ ನೀರಿದೆ. ಹಗಲು ಸೂರ್ಯನ ಕೈಯಲ್ಲಿ ದುಡಿಸಿ ನೀರನ್ನು ಸಂಜೆಗೆಂದು ಕಾಪಿಟ್ಟರೆ ಅದೇ ನಮ್ಮ ಬ್ಯಾಟರಿ. ಹಗಲು ನೀರನ್ನು ಮೇಲಕ್ಕೆ ಪಂಪು ಮಾಡಿ ಸಂಜೆ ಇಳಿಸುವ 2000 ಮೆಗಾವಾಟಿನ ಶರಾವತಿ ಯೋಜನೆಯ ಬಗ್ಗೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಅದು ಸಿಂಗಳೀಕಗಳ ಕಾಡು, ಒಮ್ಮೆ ಕಡಿದರೆ ಮುಗಿಯಿತು. ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಬ್ಯಾಟರಿ ಇಡುವುದು ಎಷ್ಟಕ್ಕೆ ಬೀಳುತ್ತದೆಂದು ಮೊದಲು ಲೆಕ್ಕ ಹಾಕಿಸು.

ಇನ್ನು ನನ್ನ ಎದೆಗೆ ಹತ್ತಿರದ ಮಾತು, ಪಂಪ್‌ಸೆಟ್ಟು. 10 ಎಚ್‌ಪಿವರೆಗಿನ ಮೋಟರಿಗೆ 2008ರಿಂದ ರೈತರು ಬಿಲ್ಲು ಕಟ್ಟುವುದಿಲ್ಲ, ಸರ್ಕಾರ ಕಟ್ಟುತ್ತದೆ. ಸರ್ಕಾರ ಅಂದರೆ ನಾವೇ. ನಾನು ಸೆಕ್ಷನ್ ಆಫೀಸಿನಲ್ಲಿದ್ದಾಗ ಮೋಟರು ತಿರುಗಲು ಬೇಕಾದ ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದು ಎಷ್ಟೋ ಸಲ ರಾತ್ರಿ ಎರಡು ಗಂಟೆಗೆ. ಒಂದು ಮಳೆಗಾಲದಲ್ಲಿ ನಮ್ಮ ಫೀಡರಿನ ಹುಡುಗನೊಬ್ಬ ಮೋಟರು ಹಾಕಲು ಹೋಗಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿ ತೀರಿಹೋದ. ಬೆಳಿಗ್ಗೆ ಲೈನ್ ಆಫ್ ಮಾಡಲು ಹೋದವನು ನಾನೇ. ಅವನಮ್ಮ ಬದುವಿನ ಮೇಲೆ ಕೂತಿದ್ದರು. ರಾತ್ರಿ ಅವನು ತೆಗೆದುಕೊಂಡು ಹೋಗಿದ್ದ ಟಾರ್ಚು ಇನ್ನೂ ಉರಿಯುತ್ತಿತ್ತು.

ಕೇಂದ್ರದ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರಿಗೇ, ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಲೈನಿಗೇ, ಸೌರಘಟಕ ಜೋಡಿಸಲು ದಾರಿಯಿದೆ. ಸಬ್‌ಸ್ಟೇಷನ್ನಿನ ಹತ್ತಿರ ಕೆಲವೇ ಎಕರೆಯಲ್ಲಿ ಫಲಕ ಹಾಕಿದರೆ ಹಗಲಲ್ಲೇ ನೀರು ಹರಿಯುತ್ತದೆ. ದೂರದಿಂದ ತಂತಿಯಲ್ಲಿ ಬರುವಾಗ ಸೋರಿಹೋಗುವ ಕರೆಂಟು ಉಳಿಯುತ್ತದೆ, ಸರ್ಕಾರ ಕಟ್ಟುವ ಸಬ್ಸಿಡಿಯ ಹೊರೆಯೂ ಇಳಿಯುತ್ತದೆ. ಖರ್ಚು ಇಳಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ದೊಡ್ಡ ಪಾರ್ಕುಗಳಿಗೆ ಕೊಡುವ ಗಮನದ ಅರ್ಧವನ್ನಾದರೂ ಇದಕ್ಕೆ ಕೊಡಿಸು.

ಗೃಹಜ್ಯೋತಿಯ ವಿಚಾರದಲ್ಲಿ ದುಡುಕಬೇಡ. 200 ಯೂನಿಟ್‌ವರೆಗೆ ಉಚಿತವಾದ್ದರಿಂದ ಎಷ್ಟು ಮನೆಗಳಲ್ಲಿ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ನಿಂತಿದೆ, ನಾನೇ ನೋಡಿದ್ದೇನೆ. ಆದರೆ ಬಿಲ್ಲು ಸೊನ್ನೆ ಬರುವ ಮನೆಯವರು ಚಾವಣಿಗೆ ಫಲಕ ಯಾಕೆ ಹಾಕಿಸಿಯಾರು? ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇದ್ದರೂ ಮಿಕ್ಕ ದುಡ್ಡು ಅವರೇ ಹೊಂದಿಸಬೇಕು. ಆ ಫಲಕವನ್ನು ಸರ್ಕಾರವೇ ಹಾಕಿಸಿ, ಅದರಲ್ಲಿ ಬಂದದ್ದನ್ನು ಉಚಿತ ಯೂನಿಟ್ಟಿನ ಲೆಕ್ಕಕ್ಕೆ ಹಿಡಿಯಬಹುದೇ ಎಂದು ಕೇಳಿಸು.

ಕೆಲಸದ ಮಾತಿಗೆ ಬರುವ ಮುಂಚೆ ಪಾವಗಡಕ್ಕೆ ಒಮ್ಮೆ ಹೋಗಿ ಬಾ. ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಪಾರ್ಕು ನಿಂತಿದೆ. ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಬರದ ಸೀಮೆಯಲ್ಲಿ ಹೊಲ ಇದ್ದವರಿಗೆ ಅದು ದೊಡ್ಡ ಆಸರೆ, ಆ ಏರ್ಪಾಟನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದ ಕೂಲಿಯವರ ಹೆಸರಿಗೆ ಪಹಣಿ ಇರಲಿಲ್ಲ, ಗುತ್ತಿಗೆ ಹಣವೂ ಬರಲಿಲ್ಲ. ಫಲಕ ಒರೆಸಲು, ಹುಲ್ಲು ಕೊಯ್ಯಲು, ಕಾವಲಿಗೆ ಎಷ್ಟು ಜನ ಬೇಕಾದಾರು?

ಕಟ್ಟುವ ಕೆಲಸ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ವರ್ಷಾನುಗಟ್ಟಲೆ ಸಂಬಳ ಕೊಡುವುದು ತಯಾರಿಕೆ. ಅದರಲ್ಲೂ ಹುಷಾರಾಗಿರು: ಸಿಲಿಕಾನಿನಿಂದ ಫಲಕದವರೆಗೆ ಪ್ರತಿ ಹಂತದಲ್ಲೂ ಜಗತ್ತಿನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಚೀನಾದ ಕೈಯಲ್ಲಿದೆ. ಬಿಸಿಲನ್ನು ಕರೆಂಟಾಗಿಸುವ ಸೆಲ್ಲನ್ನು ಹೊರಗಿನಿಂದ ತಂದು ಇಲ್ಲಿ ಜೋಡಿಸುವ ಕಾರ್ಖಾನೆಗೂ ಸೆಲ್ಲನ್ನೇ ಮಾಡುವ ಕಾರ್ಖಾನೆಗೂ ಒಂದೇ ರಿಯಾಯಿತಿ ಕೊಡಬೇಡಿ. ಎಷ್ಟು ಕೋಟಿ ಹೂಡಿದರು ಎಂಬುದರ ಮೇಲೆ ರಿಯಾಯಿತಿ ಅಳೆದರೆ ಯಂತ್ರ ಬರುತ್ತದೆ, ಆಳು ಬರುವುದಿಲ್ಲ. ಎಷ್ಟು ಜನರಿಗೆ ಪಿಎಫ್ ಕಟ್ಟಿದರು ಎಂಬುದನ್ನು ಕೇಳಿ.

ಇನ್ನೊಂದು ನನ್ನ ಸ್ವಂತ ವಿಚಾರ. ಸಾಗಿಸಲು ಕಷ್ಟವಾದದ್ದನ್ನು ಹತ್ತಿರದಲ್ಲೇ ಮಾಡಬೇಕಾಗುತ್ತದೆ. ಗಾಳಿಯಂತ್ರದ ರೆಕ್ಕೆ, ಅದರ ಗೋಪುರ, ಟ್ರಾನ್ಸ್‌ಫಾರ್ಮರ್, ಫಲಕ ಕೂರಿಸುವ ಕಬ್ಬಿಣದ ಚೌಕಟ್ಟು, ಎಲ್ಲ ಈ ಜಾತಿಯವು. ಉಡುಪಿ ಹತ್ತಿರದ ಪಡುಬಿದ್ರಿಯಲ್ಲಿ ರೆಕ್ಕೆ ಮಾಡಿದ ಕೈಗಳಿವೆ, ಪೀಣ್ಯದಲ್ಲಿ ಲೇತಿನ ಮುಂದೆ ಬೆಳೆದ ಹುಡುಗರಿದ್ದಾರೆ. ಸೆಲ್ ಕಾರ್ಖಾನೆಗೆ ನೀರೂ ಕರೆಂಟೂ ಧಾರಾಳವಾಗಿ ಬೇಕು. ಬಯಲುಸೀಮೆಯ ಎಲ್ಲ ತಾಲ್ಲೂಕಿಗೂ ಅದು ಹೊಂದುವುದಿಲ್ಲ. ವೆಲ್ಡಿಂಗು, ವೈಂಡಿಂಗು ಹೊಂದುತ್ತವೆ. ಗದಗದ ಐಟಿಐ ಹುಡುಗ ಗದಗದಲ್ಲೇ ಕೆಲಸ ಹಿಡಿಯಲಿ.

ಮುಂದಿನ ಶನಿವಾರ ರಜೆ ಇದ್ದರೆ ಬಾ. ಮಧ್ಯಾಹ್ನದ ಬಸ್ಸಿಗೆ ಹೊರಟರೆ ಐದಕ್ಕೆ ಇಲ್ಲಿರುತ್ತೀಯ. ಸಬ್‌ಸ್ಟೇಷನ್ನಿನಲ್ಲಿ ನನ್ನ ಶಿಷ್ಯನೊಬ್ಬ ಈಗ ಶಿಫ್ಟಿನಲ್ಲಿದ್ದಾನೆ, ಹೇಳಿಟ್ಟಿದ್ದೇನೆ. ಆರು ಗಂಟೆಗೆ ಪ್ಯಾನಲ್ ಮುಂದೆ ಕುರ್ಚಿ ಹಾಕಿ ಕೂತು, ಒಂದೊಂದೇ ಫೀಡರಿನ ಆಂಪಿಯರ್ ಮುಳ್ಳು ಏರುವುದನ್ನು ನಿನ್ನ ಕೈಯಿಂದಲೇ ಪುಸ್ತಕದಲ್ಲಿ ಬರೆದುಕೋ. ದೊಡ್ಡಮ್ಮ ಊಟಕ್ಕೆ ಕಾಯುತ್ತಿರುತ್ತಾಳೆ.

ಇಂತಿ,
ನಿನ್ನ ದೊಡ್ಡಪ್ಪ