ಮರಗೆಲಸಕ್ಕೆ ಯಾವ ತ್ರೀಡಿ ಸಾಫ್ಟ್‌ವೇರ್?

ಎಲ್ಲರಿಗೂ ನಮಸ್ಕಾರ. ಮರಗೆಲಸದ ಚಿತ್ರ ಬಿಡಿಸಲು ಯಾವ ತ್ರೀಡಿ ಸಾಫ್ಟ್‌ವೇರ್ ಒಳ್ಳೆಯದು ಎಂದು ಬದಿಯಡ್ಕ, ಕುಂಬಳೆ ಕಡೆಯವರು ಕೇಳಿದ್ದಿರಿ. ಹೊಸಬರು ಸ್ಕೆಚ್‌ಅಪ್‌ನಿಂದ ಶುರು ಮಾಡಿ. ಉಚಿತ ಆವೃತ್ತಿ ಬ್ರೌಸರಿನಲ್ಲೇ ಓಡುತ್ತದೆ, ಆದರೆ ನೆಟ್ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಅದೇ ಕಷ್ಟ ಅಲ್ವಾ? ಒಂದೊಂದು ಹಲಗೆಯನ್ನೂ ಬೇರೆ ಬೇರೆ ಕಾಂಪೊನೆಂಟ್ (ಬಿಡಿ ಭಾಗ) ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದನ್ನು ಎಳೆದರೆ ಪಕ್ಕದ್ದೂ ಅಂಟಿಕೊಂಡು ಬರುತ್ತದೆ.

ನನಗೆ ಇಷ್ಟ ಫ್ರೀಕ್ಯಾಡ್. ಪೂರ್ತಿ ಉಚಿತ, ನೆಟ್ ಬೇಡ. ಕಲಿಯಲು ಜಾಸ್ತಿ ದಿನ ಹಿಡಿಯುತ್ತದೆ, ನಿಜ. ಆದರೆ ಹಲಗೆಯ ದಪ್ಪವನ್ನು ಒಂದು ಕಡೆ ಬರೆದು ಉಳಿದ ಅಳತೆಗಳನ್ನು ಅದಕ್ಕೇ ಜೋಡಿಸಿಡಬಹುದು. 18 ಮಿಮೀ ಪ್ಲೈವುಡ್ ಸಿಗದೆ 16 ತಂದಿರಾ? ಆ ಒಂದು ಅಂಕಿ ಬದಲಿಸಿದರೆ ಸಾಕು, ಇಡೀ ಕಪಾಟು ಸರಿಹೋಗುತ್ತದೆ.

ಸ್ಕೆಚ್‌ಅಪ್, ಫ್ಯೂಷನ್ (ಇದೂ ಒಂದು ತ್ರೀಡಿ ಸಾಫ್ಟ್‌ವೇರ್) ಎರಡರ ಉಚಿತ ಆವೃತ್ತಿಯೂ ಸ್ವಂತ ಬಳಕೆಗೆ ಮಾತ್ರ. ಗಿರಾಕಿ ಕೆಲಸ ಮಾಡುವ ಆಚಾರಿಗಳು ದಯವಿಟ್ಟು ಗಮನಿಸಿ. ಮೊದಲು ಒಂದು ಸ್ಟೂಲ್ ಬಿಡಿಸಿ, ಚಿತ್ರ ಇಲ್ಲಿ ಹಾಕಿ.